ಯಲ್ಲೂಬಾಯಿಯ ಡೋಣಿ

ನನಗೊಂದು ಚಟವಿದೆ. ಕಲ್ಲಿನಲ್ಲಿ ಕುಳಿ ಕಂಡರೆ ಬಗ್ಗಿ ನೋಡದೆ ಮುಂದೆ ಹೋಗಲಾರೆ. ಒರಳಾಗಲಿ, ದನಕ್ಕೆ ನೀರು ಕುಡಿಸುವ ಡೋಣಿಯಾಗಲಿ, ಹಾಳುಗುಡಿಯ ಹೊರಗೆ ಬಿದ್ದ ಬಾನಿಯಾಗಲಿ, ಯಾವುದಾದರೂ ಸರಿ. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಇದನ್ನು ರೋಗಗಳ ಸಾಲಿಗೇ ಸೇರಿಸಿದ್ದಾರೆ. ಪ್ರವಾಸಕ್ಕೆ ಹೋದಲ್ಲೆಲ್ಲ ತೆಗೆದ ಫೋಟೋಗಳಲ್ಲಿ ನನ್ನ ಬೆನ್ನೇ ಬಂದಿದೆಯೆಂದು ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಚಟ ಅಂಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ನರ್ಸ್ ಆಗಿರುವ ತಂಗಿಯ ಬಾಣಂತನಕ್ಕೆ ಹೋಗಿದ್ದೆ. ಕೂಸು ಮಲಗಿದಾಗ ಹೋಗಿ ಕೂತು ಬರಲು ಆ ಹಳ್ಳಿಯಲ್ಲಿದ್ದದ್ದು ಒಂದು ಚಹಾದಂಗಡಿ, ಒಂದು ಹಳೆಯ ಚರ್ಚು. ಅವರ ಚಹಾ ನನಗೆ ಸೇರಲಿಲ್ಲ. ಚರ್ಚಿನ ಬಾಗಿಲ ಹತ್ತಿರವೇ ಸೊಂಟದೆತ್ತರದ ಕಲ್ಲುತೊಟ್ಟಿಯೊಂದಿತ್ತು, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವಂಥದು. ಸುತ್ತಲೂ ಒಂದರ ಬಾಲ ಇನ್ನೊಂದು ಕಚ್ಚಿದ ಪ್ರಾಣಿಗಳು. ಸಿಂಹವನ್ನು ಕಣ್ಣಾರೆ ಕಾಣದವನು ಕೆತ್ತಿದ ಸಿಂಹಗಳು. ನಮ್ಮ ಹಲಸಿಯ ಹಳೆಯ ಗುಡಿಗಳ ಶಿಲ್ಪಿಗಳು ನೋಡಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆದರೂ ನನಗೆ ಅವು ಹಿಡಿಸಿದವು.

ಚರ್ಚಿಗೆ ಹೂವಿಡಲು ಬರುತ್ತಿದ್ದ ಒಬ್ಬ ಅಜ್ಜಿ ಇಂಥ ತೊಟ್ಟಿಗಳ ಪುರಾಣ ಹೇಳಿದರು. ಮಧ್ಯಯುಗದಲ್ಲಿ ಮಂತ್ರಿಸಿದ ನೀರನ್ನು ಅದರಲ್ಲೇ ಬಹಳ ದಿನ ಇಡುತ್ತಿದ್ದರಂತೆ. ಜನ ಅದನ್ನು ಕದ್ದೊಯ್ದು ಮಾಟಕ್ಕೆ, ಮದ್ದಿಗೆ ಬಳಸತೊಡಗಿದ್ದರಿಂದ ಮುಚ್ಚಳ ಮಾಡಿಸಿ ಬೀಗ ಹಾಕಬೇಕಾಯಿತಂತೆ. ಆಮೇಲೆ ಧರ್ಮದ ಗಾಳಿ ಬದಲಾಯಿತು, ಮಂತ್ರಿಸಿದ ನೀರೆಲ್ಲ ಮೂಢನಂಬಿಕೆ ಎನ್ನುವವರ ಕೈ ಮೇಲಾಯಿತು. ಬಾಗಿಲ ಪಕ್ಕದ ತೀರ್ಥದ ಬಟ್ಟಲುಗಳನ್ನು ಒಡೆದು ಹಾಕಿದರು. ಗೋಡೆಯಲ್ಲಿ ಗೂಡು ಮಾತ್ರ ಉಳಿಯಿತು. ಎಷ್ಟೋ ತೊಟ್ಟಿಗಳು ಹೊರಬಿದ್ದು ಹೂಕುಂಡಗಳಾದವು, ಕುದುರೆಗಳಿಗೆ ನೀರು ಕುಡಿಸಿದವು, ಕಾಲ ಕಳೆದ ಮೇಲೆ ಕೆಲವು ಮತ್ತೆ ಒಳಗೆ ಬಂದವು. ತಳದಲ್ಲೊಂದು ತೂತು ಇರುತ್ತದೆ; ಪವಿತ್ರವಾದ ನೀರು ಮೋರಿ ಸೇರದೆ ನೆಲಕ್ಕೇ ಇಂಗಬೇಕು. ಇದೇನೂ ನನಗೆ ಹೊಸದೆನಿಸಲಿಲ್ಲ. ಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕುವ ಮನೆಯವಳು ನಾನು.

ಇಷ್ಟು ತಿಳಿದುಕೊಂಡವಳು ಸುಮ್ಮನಿರಬೇಕಿತ್ತು. ಹೋದ ವರ್ಷ ಸುಮ್ಮನಿರಲಿಲ್ಲ.

ನಮ್ಮೂರಿನ ಕ್ಯಾಂಪ್ ಬಡಾವಣೆಯ ಶಾಲೆಯಲ್ಲಿ ನನ್ನೊಡನೆ ಕಲಿಸುತ್ತಿದ್ದ ಗೆಳತಿ ಫಿಲೋಮಿನಾಳ ತವರು ಖಾನಾಪುರದಾಚೆ, ಅಡವಿಯ ಅಂಚಿನ ಒಂದು ಹಳ್ಳಿ. ಅಲ್ಲಿದ್ದ ಪುಟ್ಟ ಚರ್ಚು ಅವಳು ಹುಟ್ಟುವ ಮೊದಲೇ ಒಂದು ಮಳೆಗಾಲದಲ್ಲಿ ಕುಸಿದಿತ್ತು. ಈಗ ಅದೇ ಜಾಗದಲ್ಲಿ ಹೊಸದು ಎದ್ದಿತ್ತು, ಮೊಮ್ಮಗಳ ಜ್ಞಾನಸ್ನಾನ ಅಲ್ಲೇ ಆಗಬೇಕೆಂದು ಅವಳ ಆಸೆ. ಚರ್ಚು ತೋರಿಸಲು ನನ್ನನ್ನು ಕರೆದೊಯ್ದಳು. ನೋಡಿಕೊಂಡು ಬರುವಾಗ ಪಕ್ಕದ ಮನೆಯ ಯಲ್ಲೂಬಾಯಿ ಮಜ್ಜಿಗೆಗೆ ಕರೆದಳು. ಧನಗರ ಹೆಂಗಸು, ಎಮ್ಮೆ ಕಟ್ಟಿ ಹಾಲು ಮಾರಿ ಸಂಸಾರ ನಡೆಸಿದವಳು. ಅಂಗಳದಲ್ಲಿ ಎಮ್ಮೆಗಳು ಒಂದು ದುಂಡನೆಯ ಕಲ್ಲಿನ ಡೋಣಿಯಲ್ಲಿ ನೀರು ಕುಡಿಯುತ್ತಿದ್ದವು. ದುಂಡನೆಯ ಡೋಣಿ ಯಾರು ಕಡೆಯುತ್ತಾರೆ? ಬಗ್ಗಿದೆ. ತಳದ ನಡುವೆ ಗೂಟ ಜಡಿದು ಮುಚ್ಚಿದ ತೂತು. ಅಂಚಿನಲ್ಲಿ ಮುಚ್ಚಳದ ಕೊಂಡಿ ಕೂರುವ ಜಾಗ, ತುಕ್ಕಿನ ಕಲೆ. ಮಜ್ಜಿಗೆ ಕೈಯಲ್ಲೇ ಇತ್ತು. ಇದು ಜ್ಞಾನಸ್ನಾನದ ತೊಟ್ಟಿಯೇ ಎಂದು, ಇಂಗ್ಲೆಂಡಿನಿಂದ ಆರಂಭಿಸಿ ಇಡೀ ಭಾಷಣ ಮಾಡಿದೆ. ತನ್ನ ಮಾವ ಬಿದ್ದ ಚರ್ಚಿನ ಕಲ್ಲುರಾಶಿಯಿಂದ ಅದನ್ನು ಎತ್ತು ಹೂಡಿ ಎಳೆಸಿ ತಂದಿದ್ದನೆಂದು ಯಲ್ಲೂಬಾಯಿಯೇ ಹೇಳಿದಳು. ಆಮೇಲೆ ಕೇಳಿದಳು:

"ಅಂದ್ರ ಬಾಯಾರ, ಇಷ್ಟ ವರ್ಷ ನಾವು ದೇವರ ಭಾಂಡ್ಯಾಗ ಎಮ್ಮಿಗೆ ನೀರ ಕುಡಿಸೇವೇನ್ರಿ?"

ಏನೋ ಸಮಾಧಾನ ಹೇಳಿ ಬಸ್ಸು ಹತ್ತಿದೆ.

ವಾರ ಕಳೆಯುವುದರೊಳಗೆ ಫಿಲೋಮಿನಾಳ ಫೋನು ಬಂತು. ಯಲ್ಲೂಬಾಯಿ ಡೋಣಿ ಬರಿದುಮಾಡಿ, ಬೂದಿ ಹಚ್ಚಿ ತಿಕ್ಕಿ, ಮೇಲೆ ಸೀರೆ ಹೊದಿಸಿದ್ದಾಳೆ. ಎಮ್ಮೆಗಳಿಗೆ ಪ್ಲಾಸ್ಟಿಕ್ ಟಬ್ಬು ಇಟ್ಟರೆ ಹಿರಿಯ ಎಮ್ಮೆ ಬಾಯಿ ಹಾಕುತ್ತಿಲ್ಲ, ಹಾಲು ಇಳಿದಿದೆ. ಅದಾದರೂ ಇರಲಿ. ಸೊಸೆ ಶಾಂತಾಳಿಗೆ ಎರಡು ಸಲ ಬಸಿರು ನಿಲ್ಲದೆ ಹೋದದ್ದು ಈ ಪಾಪದಿಂದಲೇ ಎಂದು ಯಲ್ಲೂಬಾಯಿಯ ತಲೆಯಲ್ಲಿ ಕೂತುಬಿಟ್ಟಿದೆ. ಅತ್ತೆ ಸೊಸೆ ಇಬ್ಬರೂ ಸರಿಯಾಗಿ ಉಣ್ಣುತ್ತಿಲ್ಲ.

ನನ್ನ ಪಾಂಡಿತ್ಯ ಇಷ್ಟು ಕೆಲಸ ಮಾಡೀತೆಂದು ನಾನು ಎಣಿಸಿರಲಿಲ್ಲ. ಮರುದಿನವೇ ಹೋದೆ. ಫಿಲೋಮಿನಾ ಹೊಸ ಚರ್ಚಿನ ಫಾದರನ್ನು ಕರೆತಂದಿದ್ದಳು. ಚಿಕ್ಕ ವಯಸ್ಸಿನವರು, ಕಡಿಮೆ ಮಾತಿನವರು. ಅಂಗಳದ ಕಟ್ಟೆಯ ಮೇಲೆ ಕೂತು, ಮೊದಲು ಕುಡಿಯಲು ನೀರು ಕೇಳಿದರು. ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟರು.

"ಮಾವಶಿ, ನಮ್ಮ ದೇವರು ಹುಟ್ಟಿದಾಗ ಅವನ್ನ ಮಲಗಿಸಿದ್ದು ದನದ ಗ್ವಾದ್ಲ್ಯಾಗ. ಬ್ಯಾರೆ ಜಾಗಾ ಸಿಗಲಿಲ್ಲ. ದನದ ಉಸಿರು ಅವಗ ಮೊದಲಿಂದ ರೂಢಿ ಐತಿ."

ಯಲ್ಲೂಬಾಯಿ ಅವರ ಮುಖವನ್ನೇ ನೋಡಿದಳು. "ಖರೇ ಏನ್ರಿ?"

"ಖರೇ. ನಮ್ಮ ಪುಸ್ತಕದಾಗ ಬರದೈತಿ."

"ಹಂಗಾದ್ರ ನಮ್ಮ ಶಾಂತಾಂದು..."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಮಾವಶಿ. ಆಕಿನ್ನ ದೊಡ್ಡ ದವಾಖಾನಿಗೆ ತೋರಸ್ರಿ."

ಬಾಗಿಲಲ್ಲಿ ನಿಂತಿದ್ದ ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಯಲ್ಲೂಬಾಯಿಯೂ ಎದ್ದು ಅವಳ ಹಿಂದೆ ಹೋದಳು. ನಾವು ಬಹಳ ಹೊತ್ತು ಅಂಗಳದಲ್ಲೇ ಕೂತಿದ್ದೆವು. ಯಲ್ಲೂಬಾಯಿ ಹೊರಗೆ ಬಂದಾಗ ಕೈಯಲ್ಲಿ ಚಹಾದ ತಾಟಿತ್ತು. ಡೋಣಿ ತಗೊಂಡು ಹೋಗಿ, ಫಿಲೋಮಿನಾಳ ಮೊಮ್ಮಗಳ ಕೆಲಸಕ್ಕೆ ಆಗಲಿ, ಎಮ್ಮೆಗಳಿಗೆ ಬೇರೆ ಏನಾದರೂ ಮಾಡಿಕೊಡಿ ಎಂದಳು. ಚರ್ಚಿನ ಜನ ಸಿಮೆಂಟಿನ ಡೋಣಿ ಕಟ್ಟಿಕೊಟ್ಟರು. ಹಿರಿಯ ಎಮ್ಮೆ ಮೂಸಿ, ಸೀನಿ, ಕೊನೆಗೆ ಒಪ್ಪಿಕೊಂಡಿತು. ಶಾಂತಾಳನ್ನು ಬೆಳಗಾವಿಗೆ ಕರೆಸಿ ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ. ಔಷಧ ನಡೆದಿದೆ, ಮುಂದಿನದು ಇನ್ನೂ ಗೊತ್ತಿಲ್ಲ. ಮನೆಯಲ್ಲಿ ಊಟವಂತೂ ಸರಿಯಾಯಿತು.

ಜ್ಞಾನಸ್ನಾನದ ದಿನ ತೊಟ್ಟಿಗೆ ನೀರು ತುಂಬಿದವಳು ಯಲ್ಲೂಬಾಯಿಯೇ, ತನ್ನ ಬಾವಿಯಿಂದ. ಫಾದರು ಕೂಸನ್ನು ತೊಟ್ಟಿಯ ಮೇಲೆ ಹಿಡಿದು, ಒರಟು ಅಂಚು ತಾಗೀತೆಂದು ಅಂಗೈ ಆಡಿಸಿ ಜಾಗ ಹುಡುಕಿದರು. ಒಂದು ಕಡೆ ಕಲ್ಲು ತಗ್ಗಾಗಿ, ಕನ್ನಡಿಯಷ್ಟು ನುಣುಪಾಗಿತ್ತು. ಕೂಸಿನ ಕತ್ತು ಅಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ತಲೆಯ ಮೇಲೆ ನೀರು ಬಿದ್ದಾಗಲೂ ಅದು ಅಳಲಿಲ್ಲ.

"ನಮ್ಮ ಎಮ್ಮಿಗೋಳು ಕುತ್ತಿಗಿ ಇಡೂ ಜಾಗಾರಿ ಅದು," ಎಂದು ಯಲ್ಲೂಬಾಯಿ ನನ್ನ ಕಿವಿಯಲ್ಲಿ ಹೇಳಿದಳು. "ತಿಕ್ಕಿ ತಿಕ್ಕಿ ನುಣ್ಣಗ ಮಾಡ್ಯಾವ."

ಪಾಪದ ಮಾತು ಆಮೇಲೆ ಅವಳು ಎತ್ತಲಿಲ್ಲ. ಎಮ್ಮೆಗಳಿಗೆ ನೀರು ತೋರಿಸುವ ಹೊತ್ತಾಯಿತೆಂದು, ಊಟಕ್ಕೂ ನಿಲ್ಲದೆ ಹೊರಟಳು.