ಕೆಡಬಹುದಾಗಿದ್ದ ಕಾರು

ರೇಡಿಯೇಟರ್ ಕುದಿದು ನಡುರಸ್ತೆಯಲ್ಲಿ ಬಿಸಿನೀರಿನ ಬುಗ್ಗೆ ಏಳಬಹುದಿತ್ತು. ಫ್ಯಾನ್ ಬೆಲ್ಟು ಹರಿಯಬಹುದಿತ್ತು. ಪೆಟ್ರೋಲಿನಲ್ಲಿ ಕಸ ಸೇರಿ ಎಂಜಿನ್ನು ಕೆಮ್ಮಿ, ಬಿಕ್ಕಿ, ಮುಂಬಯಿಯ ಖಾರ್ ಸ್ಟೇಷನ್ನಿನ ಹತ್ತಿರ ಕಣ್ಣು ಮುಚ್ಚಬಹುದಿತ್ತು. ಬ್ರೇಕು ಹಿಡಿಯದೆ ಹೋಗಬಹುದಿತ್ತು. ಹಿಡಿದದ್ದು ಬಿಡದೆಯೂ ಹೋಗಬಹುದಿತ್ತು. ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿ ಒದ್ದು ನನ್ನ ಮಣಿಕಟ್ಟು ಮುರಿಯಬಹುದಿತ್ತು. ಮುಂದಿನ ಎಡಗಾಲಿ ನಮಗಿಂತ ಮೊದಲೇ ಬಾಂದ್ರಾ ಮುಟ್ಟಬಹುದಿತ್ತು. ಇವೆಲ್ಲ ಒಂದೇ ದಿನ ಆಗಲಾರವು ಎಂದು ಬುದ್ಧಿ ಹೇಳುತ್ತಿತ್ತು, ನಿಜ. ಆದರೆ ಬುದ್ಧಿಯ ಮಾತನ್ನು ನನ್ನ ಹೊಟ್ಟೆ ಎಂದೂ ಕೇಳಿದ್ದಿಲ್ಲ.

ಹೆದರಿಕೆ ನನಗೆ ಹುಟ್ಟುಗುಣ. ವಿಮಾ ಕಚೇರಿಯ ನೌಕರಿ ಸಿಕ್ಕ ಮೇಲೆ ಅದಕ್ಕೆ ಸಂಬಳವೂ ಬರತೊಡಗಿತು. ಬೆಳಗಿನಿಂದ ಸಂಜೆಯವರೆಗೆ ಯಾರ ಗೋದಾಮು ಹೇಗೆ ಸುಟ್ಟಿತು, ಯಾರ ಲಾರಿ ಯಾವ ಘಾಟಿನಲ್ಲಿ ಉರುಳಿತು ಎಂದು ಓದುವವನು ಸಂಜೆ ಸಾಂತಾಕ್ರೂಜಿಗೆ ಬಂದು ನಿಶ್ಚಿಂತೆಯಿಂದ ಚಹಾ ಕುಡಿಯುವುದಾದರೂ ಹೇಗೆ? ಇಂಥವನು ಕಾರು ಕೊಂಡದ್ದು ವಿಧಿಯ ಚೇಷ್ಟೆ. ದೇಶ ಬಿಟ್ಟು ಹೊರಟ ಸಾಹೇಬನೊಬ್ಬ ತನ್ನ ಹಳೆಯ ಗಾಡಿಯನ್ನು ಕಚೇರಿಯಲ್ಲೇ ಯಾರಿಗಾದರೂ ದಾಟಿಸಬೇಕೆಂದಿದ್ದ. ಉಳಿದವರಿಗೆ ಬೇಡ ಎನ್ನುವ ಧೈರ್ಯವಿತ್ತು.

ಅದರ ಹಿಂದಿನ ಬಲಬಾಗಿಲು ನನಗೆ ದಕ್ಕಿದಾಗಲೇ ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಎಡಬಾಗಿಲಿನ ಕೊಂಡಿ ಸವೆದು, ಗುಂಡಿ ಬಂದಾಗೆಲ್ಲ ತೆರೆದುಕೊಳ್ಳುತ್ತಿತ್ತು. ಉಳಿದ ರೋಗಗಳು ಆಮೇಲೆ ಒಂದೊಂದಾಗಿ ಪರಿಚಯವಾದವು.

ರಿಪೇರಿಯನ್ನು ನಾನೇ ಏಕೆ ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಜಿಪುಣತನ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು. ಅದಲ್ಲ. ನಾನು ಡಾಕ್ಟರ ಹತ್ತಿರ ಯಾವ ಕಾರಣಕ್ಕೆ ಹೋಗುವುದಿಲ್ಲವೋ ಅದೇ ಕಾರಣಕ್ಕೆ ಮೆಕ್ಯಾನಿಕ್ಕಿನ ಹತ್ತಿರವೂ ಹೋಗುತ್ತಿರಲಿಲ್ಲ: ಆತ ಏನಾದರೂ ಕಂಡುಹಿಡಿದುಬಿಟ್ಟರೆ? ಹೀಗಾಗಿ ಭಾನುವಾರಗಳಂದು ಬನಿಯನ್ನು ತೊಟ್ಟು ಬಿಲ್ಡಿಂಗಿನ ಅಂಗಳದಲ್ಲಿ ಕಾರಿನ ಕೆಳಗೆ ಮಲಗುತ್ತಿದ್ದೆ. ಒಮ್ಮೆ ಕಾರ್ಬ್ಯುರೇಟರ್ ಬಿಚ್ಚಿ, ಅದರ ಅಂಗಾಂಗಗಳನ್ನು ವರ್ತಮಾನಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟಿದ್ದೆ. ನನ್ನ ಹೆಂಡತಿ ಗಂಗಾ ಪದಬಂಧಕ್ಕೆಂದು ಆ ಪತ್ರಿಕೆಯನ್ನು ಕೆಳಗಿನಿಂದ ಮೆಲ್ಲನೆ ಎಳೆದುಕೊಂಡಳು. ಮತ್ತೆ ಕೂಡಿಸಿದಾಗ ಒಂದು ಸ್ಕ್ರೂ ಉಳಿಯಿತು. ಕಾರು ಮಾತ್ರ ಮೊದಲಿನಂತೆಯೇ ಓಡಿತು. ಅದೇ ಇನ್ನೂ ಭಯಂಕರ. ಅಂದಿನಿಂದ ಆ ಸ್ಕ್ರೂ ನನ್ನ ಅಂಗಿಯ ಜೇಬಿನಲ್ಲಿದೆ. ಎಂಜಿನ್ನು ಹೊಸ ಸದ್ದು ಮಾಡಿದಾಗೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಚಿಕ್ಕಂದಿನಲ್ಲಿ ಧಾರವಾಡದಲ್ಲಿ ಅಜ್ಜ ನನಗೆ ನಾಲ್ಕು ಮಾತು ತರ್ಕಶಾಸ್ತ್ರ ಹೇಳಿಕೊಟ್ಟಿದ್ದ. ಅದರಲ್ಲಿ ಪ್ರಾಗಭಾವ ಎಂಬುದೊಂದಿದೆ. ಮಡಕೆ ಹುಟ್ಟುವ ಮೊದಲು ಇರುವ ಮಡಕೆಯ ಅಭಾವ. ಅದಕ್ಕೆ ಆದಿಯಿಲ್ಲ, ಆದರೆ ಅಂತ್ಯವಿದೆ. ಆಗ ಅರ್ಥವಾಗದ ಈ ಮಾತು ಕಾರಿನ ಕೆಳಗೆ ಮಲಗಿದಾಗ ಥಟ್ಟನೆ ಹೊಳೆಯಿತು. ಕೆಡದ ಪ್ರತಿಯೊಂದು ಭಾಗದಲ್ಲೂ ಕೇಡಿನ ಪ್ರಾಗಭಾವ ಅನಾದಿಕಾಲದಿಂದ ಕಾಯುತ್ತ ಕುಳಿತಿದೆ. ಅದು ಮುಗಿಯುವ ಮುಹೂರ್ತವಷ್ಟೇ ನಮಗೆ ಗೊತ್ತಿಲ್ಲ.

ರಾಜ್ಯಗಳ ಗಡಿಗಳನ್ನು ಹೊಸದಾಗಿ ಎಳೆದ ಆ ವರ್ಷ ಧಾರವಾಡ ಕೂತಲ್ಲೇ ಕೂತು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋಗಿತ್ತು. ನನ್ನ ಕಾರು ಅಂಗಳದಿಂದ ಗೇಟಿನವರೆಗೆ ಹೋಗಲೂ ಒಪ್ಪುತ್ತಿರಲಿಲ್ಲ. ಆಗಲೇ ಮಗಳು ಶಾರದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡನ ಮನೆ ಘಾಟ್ಕೋಪರಿನಲ್ಲಿ. ಎರಡು ಲೋಕಲ್ ರೈಲು ಬದಲಾಯಿಸಿದರೆ ತವರು ಸಿಗುತ್ತದೆ. ಆದರೂ ತವರು ತವರೇ. ಮೊದಲ ಹೆರಿಗೆಯ ಹೊಣೆ ತಂದೆಯದು. ಮಗಳನ್ನು ಬಾಂದ್ರಾದ ಹೆರಿಗೆ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ಅದೊಂದನ್ನು ಬಿಟ್ಟು ಬೇರಾವ ಯೋಚನೆಗೂ ನನ್ನ ತಲೆಯಲ್ಲಿ ಜಾಗವಿರಲಿಲ್ಲ.

ಕೆಳಗಿನ ಮನೆಯ ಶೆಟ್ಟರು, ಸ್ಟೇಷನ್ನಿನ ಎದುರು ಹೋಟೆಲು ಇಟ್ಟವರು, ಬಗ್ಗಿ ಕಾರಿನ ಕೆಳಗಿದ್ದ ನನ್ನನ್ನು ಮಾತಾಡಿಸಿದರು. “ಮಾರಾಯ್ರೆ, ನೀವು ಕಾರಿನ ಹೊರಗೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಸುಮ್ಮನೆ ಒಂದು ಟ್ಯಾಕ್ಸಿಗೆ ಹೇಳಿಡುವುದಲ್ಲವಾ?”

ಟ್ಯಾಕ್ಸಿಯ ವಿಚಾರ ನಾನೂ ಮಾಡಿದ್ದೆ. ಆದರೆ ಗುರುತಿಲ್ಲದ ಟ್ಯಾಕ್ಸಿಯಲ್ಲಿ ಏನು ಕೆಡಬಹುದೆಂದು ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಕಾರಿನ ರೋಗಗಳಾದರೆ ಮನೆಯವರಿದ್ದ ಹಾಗೆ. ದಿನಾ ಬೆಳಿಗ್ಗೆ ಎದ್ದು ನೀರು ತುಂಬಿಸಿದೆ, ಎಣ್ಣೆ ನೋಡಿದೆ, ಪ್ಲಗ್ಗು ಬಿಚ್ಚಿ ಉಜ್ಜಿದೆ, ಉಜ್ಜಿದ್ದೇ ತಪ್ಪಾಯಿತೇನೋ ಎಂದು ಮತ್ತೆ ಬಿಚ್ಚಿದೆ. ಗಂಗಾ ಮೇಲೆ ಮನೆಯ ಗ್ಯಾಲರಿಯಿಂದಲೇ ಕೂಗಿದಳು: “ಅಲ್ರೀ, ಹಡಿಯಾಕಿ ನಿಮ್ಮ ಮಗಳೋ, ಆ ಗಾಡಿಯೋ?”

ಒಂದು ಮುಂಜಾನೆ, ಹಾಲಿನವನು ಹೋದ ಸ್ವಲ್ಪ ಹೊತ್ತಿಗೆ, ಶಾರದೆಗೆ ನೋವು ಶುರುವಾಯಿತು. ಹ್ಯಾಂಡಲ್ ತಿರುಗಿಸಿದೆ. ಮೊದಲ ತಿರುವಿಗೇ ಎಂಜಿನ್ನು ಗುರುಗುಟ್ಟಿತು. ಅದು ಹಾಗೆಂದೂ ಮಾಡಿದ್ದಿಲ್ಲ. ಜೇಬಿನ ಸ್ಕ್ರೂ ಮುಟ್ಟಿ ನೋಡಿಕೊಂಡೆ. ತಾಯಿ ಮಗಳು ಹಿಂದಿನ ಸೀಟಿನಲ್ಲಿ ಕುಳಿತರು, ಶಾರದಾ ಎಡಬಾಗಿಲಿನ ಪಕ್ಕಕ್ಕೆ. ಆ ಕೊಂಡಿ ಸವೆದ ಬಾಗಿಲು! ಬಾಂದ್ರಾಕ್ಕೆ ಹೋಗುವ ಘೋಡಬಂದರ್ ರಸ್ತೆಯ ಗುಂಡಿಯೊಂದರಲ್ಲಿ ಅದು ತೆರೆದುಕೊಂಡರೆ? ಓಡಿಹೋಗಿ ಬಟ್ಟೆ ಒಣಗಿಸುವ ಹಗ್ಗ ಕಿತ್ತು ತಂದೆ. ಬಾಗಿಲಿನ ಒಳಹಿಡಿಯನ್ನು ಮುಂದಿನ ಸೀಟಿನ ಕಾಲಿಗೆ ಸೇರಿಸಿ ಕಟ್ಟಿದೆ. ಗಂಟು ಧಾರವಾಡದ ನಮ್ಮ ಹಿತ್ತಲಿನದು. ಅಪ್ಪ ಎಮ್ಮೆ ಕಟ್ಟಲು ಹಾಕುತ್ತಿದ್ದದ್ದು. ಎಮ್ಮೆ ಎಳೆದಷ್ಟೂ ಬಿಗಿಯುತ್ತದೆ. ಜಗತ್ತಿನಲ್ಲಿ ನನಗೆ ಅನುಮಾನವಿಲ್ಲದೆ ಬರುವ ವಿದ್ಯೆ ಅದೊಂದೇ.

“ಸಾಕು ಬಿಡ್ರೀ, ಹೊಂಡ್ರಿ ಮೊದಲ!” ಎಂದಳು ಗಂಗಾ.

ಆ ಪ್ರಯಾಣವನ್ನು ಏನೆಂದು ಹೇಳಲಿ! ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಜೇಬಿನ ಸ್ಕ್ರೂವಿನ ಮೇಲೆ. ಕಿವಿ ಎಂಜಿನ್ನಿಗೆ. ಹಿಂದೆ ಮಗಳು ಹಲ್ಲು ಕಚ್ಚಿ ನರಳಿದಾಗೆಲ್ಲ ಅದು ಗೇರ್‌ಬಾಕ್ಸೋ ಶಾರದೆಯೋ ಎಂದು ಬೆವರುತ್ತಿದ್ದೆ. ಖಾರ್ ದಾಟಿತು. ಎಂಜಿನ್ನು ಕೆಮ್ಮಲಿಲ್ಲ. ಎತ್ತಿನಗಾಡಿ ಅಡ್ಡ ಬಂದಾಗ ಬ್ರೇಕು ಹಿಡಿಯಿತು. ಹಿಡಿದು ಬಿಟ್ಟಿತು ಕೂಡ. ಒಂದೊಂದು ಭಯ ಸುಳ್ಳಾದಂತೆಲ್ಲ ಅದರ ಪಾಲಿನ ಕೇಡೂ ಉಳಿದವುಗಳಿಗೆ ಜಮೆಯಾಗುತ್ತಿದೆ ಎನಿಸುತ್ತಿತ್ತು. ನನ್ನ ಕುತ್ತಿಗೆಯ ಬೆವರು ನೋಡಿಯೋ ಏನೋ, ಶಾರದಾ ಎರಡು ನೋವಿನ ನಡುವೆ ಹೇಳಿದಳು: “ಅಪ್ಪಾ, ಅಂಜಬ್ಯಾಡ್ರಿ. ಎಲ್ಲಾ ಸರಿ ಆಗ್ತದ.” ಧೈರ್ಯ ಹೇಳಬೇಕಾದವನು ಯಾರು, ಹೇಳಿದವರು ಯಾರು!

ಆಸ್ಪತ್ರೆಯ ಮೆಟ್ಟಿಲ ಬುಡದಲ್ಲೇ ಕಾರು ನಿಂತಿತು, ಮದುವಣಿಗನ ಕುದುರೆಯಂತೆ. ಗಂಗಾ ಬಾಗಿಲು ನೂಕಿದಳು. ನಾನು ಹೊರಗಿನಿಂದ ಎಳೆದೆ. ಮತ್ತೂ ಎಳೆದೆ. ಗಂಟು ಎಮ್ಮೆಗೆ ತೋರಿಸುವ ನಿಷ್ಠೆಯನ್ನೇ ನನಗೂ ತೋರಿಸಿತು. ಮುಂದಿನ ಸೀಟಿನ ಮೇಲೆ ಮಂಡಿಯೂರಿ ಬಗ್ಗಿ ಉಗುರು ಹಾಕಿದೆ, ಗಂಟು ಸಡಿಲವಾಗಲಿಲ್ಲ. ಒಳಗೆ ಶಾರದಾ ಈ ಸಲ ಜೋರಾಗಿಯೇ ಕೂಗಿದಳು. ಸುಟ್ಟ ಗೋದಾಮುಗಳ ಕಾಗದ ಓದುವಾಗ ನಾನೆಂದೂ ಹೊಗೆಯ ವಾಸನೆ ಅರಿತವನಲ್ಲ. ಆ ಕ್ಷಣ, ಎಲ್ಲೂ ಬೆಂಕಿಯಿಲ್ಲದೆ, ಅದು ಮೂಗಿಗೆ ಬಡಿಯಿತು.

ಸದ್ದು ಕೇಳಿ ಇಳಿದು ಬಂದ ನರ್ಸಮ್ಮ ಮಂಗಳೂರಿನವರು. ಒಳಗೆ ಇಣುಕಿದರು. “ಎಂಥದು ಮಾರಾಯ್ರೆ ಇದು? ಹಟ್ಟಿಯಲ್ಲಿ ದನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ!” ಎನ್ನುತ್ತ ಒಳಗೆ ಓಡಿ ಕತ್ತರಿ ತಂದು, ಕಿಟಕಿಯಿಂದ ಕೈ ತೂರಿಸಿ ಹಗ್ಗ ಕತ್ತರಿಸಿದರು. ಶಾರದೆಯನ್ನು ತೋಳು ಹಿಡಿದು ಇಳಿಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. “ಇವತ್ತು ನಾನು ಕತ್ತರಿಸಿದ ಮೊದಲನೆಯ ಬಳ್ಳಿ ನಿಮ್ಮದೇ. ಎರಡನೆಯದು ಮಗುವಿನದು. ನೀವು ಅಲ್ಲಿ ಬೆಂಚಿನ ಮೇಲೆ ಕೂತ್ಕೊಳ್ಳಿ, ಏನನ್ನೂ ಮುಟ್ಟಬೇಡಿ.”

ಅವರು ಹೇಳಿದ ಕ್ರಮದಲ್ಲೇ ಎಲ್ಲವೂ ಆಯಿತು. ಮೊಮ್ಮಗಳು ನಮ್ಮ ಕಾರಿಗಿಂತ ಗಟ್ಟಿಯಾಗಿ ಸ್ಟಾರ್ಟ್ ಆದಳು.

ಮಧ್ಯಾಹ್ನ ಒಬ್ಬನೇ ಮನೆಗೆ ಹೊರಟೆ. ಬಾಗಿಲು ಕಟ್ಟಲು ಹಗ್ಗವಿರಲಿಲ್ಲ. ಗುಂಡಿ ಬಂದಾಗೆಲ್ಲ ಹಿಂದಿರುಗಿ ನೋಡಿದೆ. ಸಾಂತಾಕ್ರೂಜಿನವರೆಗೆ ಬಾಗಿಲು ಒಮ್ಮೆಯೂ ತೆರೆದುಕೊಳ್ಳಲಿಲ್ಲ. ಆ ಕಾರಿನಲ್ಲಿ ನಾನು ಮಾಡಿದ ರಿಪೇರಿಗಳಲ್ಲೆಲ್ಲ ನಿಜವಾಗಿ ಗಟ್ಟಿಯಾಗಿ ನಿಂತದ್ದು ಆ ಗಂಟೊಂದೇ. ಅಂದು ಕೈಕೊಟ್ಟದ್ದೂ ಅದೊಂದೇ.