ಐದರಲ್ಲಿ ನಾಲ್ಕು ಸಿಗಾರ್ ಹಿಡಿದು ಯಲ್ಲಾಪುರಕ್ಕೆ

ನವೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಏಳೂವರೆಗೆ ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಹತ್ತಿದೆ. ಸ್ವೆಟರ್ ಬೇಕೆನಿಸುವಷ್ಟು ಚಳಿಯಿತ್ತು. ನನ್ನದೊಂದು ಕನ್ನಡಕದ ಅಂಗಡಿ. ಮದುವೆ, ಸಾವು ಬಿಟ್ಟರೆ ಎರಡು ದಿನ ಅದರ ಬಾಗಿಲು ಹಾಕಿದ್ದು ಇದೇ ಮೊದಲು. "ಹೊಗೆ ಬಿಡಲೆ ಇಷ್ಟು ದೂರ ಹೋಗವಾ?" ಎಂದು ಹೆಂಡತಿ ಕೇಳಿದಳು. ಹೋಗಲೇಬೇಕಿತ್ತು. ನಾನು ಹೊರಟದ್ದು ಹೊಗೆಗಲ್ಲ, ಮಂಜುನಾಥನಿಗಾಗಿ.

ಮಂಜುನಾಥ ಯಲ್ಲಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ನಮ್ಮಿಬ್ಬರಿಗೂ ಸಿಗಾರಿನ ಹುಚ್ಚು, ಇಬ್ಬರಿಗೂ ಪೂರ್ತಿ ಪೆಟ್ಟಿಗೆ ಕೊಳ್ಳುವ ತಾಕತ್ತಿಲ್ಲ. ಐದು ಬಗೆಯವನ್ನು ಒಂದೊಂದರಂತೆ ಹಾಕಿ ಅಗ್ಗಕ್ಕೆ ಮಾರುವ ಸ್ಯಾಂಪ್ಲರ್ ಪ್ಯಾಕೇ ನಮಗೆ ಗತಿ. ವರ್ಷಕ್ಕೆ ಎರಡು ತರಿಸುತ್ತಿದ್ದೆವು. ಬಲ್ಲವರು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ: ಒಂದೊಂದನ್ನೂ ಅಡಕತ್ತರಿಯಲ್ಲಿ ಸರಿಯಾಗಿ ಎರಡು ಮಾಡಿ ಅವನ ಅರ್ಧವನ್ನು ಯಲ್ಲಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆ. ಭಾನುವಾರ ಸಂಜೆ ಆರಕ್ಕೆ ಇಬ್ಬರೂ ಹಚ್ಚಿ ಫೋನ್ ಹಿಡಿಯುತ್ತಿದ್ದೆವು. ನನಗೆ ಹುರಿದ ಕಾಫಿಬೀಜದ ಘಮ ಸಿಕ್ಕರೆ ಅವನಿಗೆ ಬೆಲ್ಲ ಕಾಯಿಸಿದ ವಾಸನೆ ಸಿಗುತ್ತಿತ್ತು. ಆ ಜಗಳದಲ್ಲೇ ಅರ್ಧ ರುಚಿ.

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಪ್ಯಾಕಿನ ಕೊನೆಯದನ್ನು ಕತ್ತರಿಸಿ, ಭಾನುವಾರದ ತನಕ ತಡೆಯಲಾರದೆ ನನ್ನ ಪಾಲು ಸೇದಿದೆ. ಅಂಥದ್ದನ್ನು ಜನ್ಮದಲ್ಲಿ ಸೇದಿರಲಿಲ್ಲ. ಮರುದಿನ ಅವನ ಪಾಲನ್ನೂ ಸೇದಿಬಿಟ್ಟೆ. "ನಿನ್ನ ಅರ್ಧಕ್ಕೆ ಬೂಸ್ಟು ಬಂತು ಮಾರಾಯ" ಎಂದು ಫೋನಿನಲ್ಲಿ ಹೇಳಿದೆ. ಮಳೆಗಾಲದ ತೇವಕ್ಕೆ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದಲ್ಲವೇ, ನಂಬಿದ. ಅದರ ಸುತ್ತ ಇದ್ದ ಚಂದದ ಕಾಗದದ ಪಟ್ಟಿಗೆ "ಅರ್ಧವಲ್ಲ, ಪೂರ್ತಿ ಸೇದಿದೆ. ಪರಮಾನಂದ" ಎಂದು ಬರೆದ ಚೀಟಿ ಸುತ್ತಿ ಒಂದು ಕನ್ನಡಕದ ಡಬ್ಬಿಯಲ್ಲಿಟ್ಟೆ. ತಿಂಗಳ ಮೇಲೆ ಹೊಸ ಕನ್ನಡಕಕ್ಕೆಂದು ಬಂದ ಮಂಜುನಾಥನಿಗೆ ಮರೆತು ಅದೇ ಡಬ್ಬಿ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಮೊದಲು ಓದಿದ್ದೇ ಆ ಚೀಟಿ. ಎದ್ದು ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಇಪ್ಪತ್ತು ವರ್ಷದ ಸ್ನೇಹವನ್ನು ಅರ್ಧ ಸಿಗಾರಿಗೆ ಕಳೆದುಕೊಂಡೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗಿತ್ತು. ಹೊಸ ಪ್ಯಾಕಿನ ಐದನ್ನೂ ಕಡ್ಡಿ ಸೋಕಿಸದೆ ಅವನ ಮುಂದಿಟ್ಟು ತಪ್ಪಾಯಿತು ಎನ್ನುವುದೆಂದು ನಿಶ್ಚಯ ಮಾಡಿದ್ದೆ.

ಆ ಪ್ಯಾಕು ಇದ್ದದ್ದು ಹೇರೂರಿನಲ್ಲಿ, ತಂಗಿಯ ಮನೆಯಲ್ಲಿ. ಬೆಂಗಳೂರಿಗೆ ಹೋಗಿದ್ದ ಅವಳ ಗಂಡ, ನನ್ನ ಭಾವ, ತಂದಿಟ್ಟಿದ್ದ. ಸಿದ್ದಾಪುರದಲ್ಲಿ ಇಳಿದು ಬನ್ಸು, ಚಹಾ ಮುಗಿಸಿ, ಮುಕ್ಕಾಲು ಗಂಟೆ ಕಾದು ಹೇರೂರಿನ ಬಸ್ಸು ಹಿಡಿದೆ. ತಿರುವುಗಳಲ್ಲಿ ಬನ್ಸು ಗಂಟಲಿಗೆ ಬಂದು ಬಂದು ಹೋಯಿತು.

ಮಧ್ಯಾಹ್ನ ತಂಬ್ಳಿ, ಅನ್ನ ಉಂಡು ಜಗಲಿಯಲ್ಲಿ ಕೂತೆವು. ಪ್ಯಾಕು ಬಿಚ್ಚಿ ಭಾವನಿಗೆ ಒಂದೊಂದರ ಗುಣ ವಿವರಿಸಿದೆ. ಅಷ್ಟರಲ್ಲಿ ತಂಗಿ ಕರೆದಳೆಂದು, ಪ್ಯಾಕನ್ನು ಕವಳದ ಹರಿವಾಣದ ಪಕ್ಕ ಇಟ್ಟು ಒಳಗೆ ಹೋದೆ. ಈ ಸೀಮೆಯವನಾಗಿ ಮಾಡಬಾರದ ಕೆಲಸ. ಎಲೆ, ಅಡಿಕೆ, ಸುಣ್ಣದ ಹತ್ತಿರ ನೆಂಟ ತಂಬಾಕು ತಂದಿಟ್ಟರೆ ಅದು ಎಲ್ಲರದು, ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ.

ಹೊರಗೆ ಬಂದಾಗ ತಂಗಿಯ ಮಾವ ಅಡಕತ್ತರಿ ಹಿಡಿದು ಕೂತಿದ್ದರು. ಐದರಲ್ಲಿ ಎಲ್ಲಕ್ಕಿಂತ ದಪ್ಪನೆಯ, ಕಪ್ಪನೆಯ ಸಿಗಾರು ಹರಿವಾಣದಲ್ಲಿ ಪುಡಿಪುಡಿಯಾಗಿತ್ತು. ಅವರ ಬಾಯಿ ಆಗಲೇ ಕೆಂಪಾಗಿತ್ತು. ಪಕ್ಕದ ಮನೆಯ ಹಿರಿಯರೊಬ್ಬರೂ ತಮ್ಮ ಎಲೆಗೆ ಚಿಟಿಕೆ ಹಾಕಿಕೊಳ್ಳುತ್ತಿದ್ದರು.

"ಅಯ್ಯೋ ಮಾವ, ಅದು ಸೇದದು, ತಿಂಬದಲ್ಲ!" ಎಂದೆ.

ಅವರು ಅಂಗಳಕ್ಕೆ ಉಗಿದು ಬಂದು ಕೂತರು. "ಹೌದನಾ? ಎಂಗೆ ಗೊತ್ತಾಜಿಲ್ಲೆ. ಆದ್ರೂ ಹೇಳ್ತೆ ಕೇಳು, ಇದ್ರಲ್ಲಿ ಎಂತದೂ ಖಾರ ಇಲ್ಲೆ. ಮುಂದಿನ ಸಲ ಬರಕಿದ್ರೆ ಒಳ್ಳೆ ತಂಬಾಕು ತಗಬಾ."

ಭಾವ ಬಿದ್ದು ಬಿದ್ದು ನಕ್ಕ. ನನಗೆ ಅಳು ಬರುವುದೊಂದು ಬಾಕಿ.

ಭಾನುವಾರ ಶಿರಸಿಗೆ ಮರಳಿ, ಮನೆಗೂ ಹೋಗದೆ ಯಲ್ಲಾಪುರದ ಬಸ್ಸು ಹತ್ತಿದೆ. ಸುಮಾರು ಐವತ್ತು ಕಿಲೋಮೀಟರ್. ಸೀಟು ಸಿಗದೆ ಅರ್ಧ ದಾರಿ ನಿಂತೇ ಹೋದೆ. ಪ್ಯಾಕಿನಲ್ಲಿ ಐದು ಗೂಡು, ನಾಲ್ಕು ಸಿಗಾರು. ನಿಂತಲ್ಲೇ ಏನೇನೋ ಯೋಚನೆ. ಬಸ್ಸಿನ ನೂಕಾಟದಲ್ಲಿ ಮುರಿಯಿತು ಎನ್ನಬಹುದು. ಅಂಗಡಿಯವನೇ ನಾಲ್ಕು ಕೊಟ್ಟ ಎನ್ನಬಹುದು. ಎರಡನ್ನೂ ಯಾರಾದರೂ ನಂಬುತ್ತಾರೆ. ಮುದುಕರೊಬ್ಬರು ಸಿಗಾರನ್ನು ಕವಳಕ್ಕೆ ಹಾಕಿಕೊಂಡರು ಎಂದರೆ ಯಾರು ನಂಬುತ್ತಾರೆ? ಅದರಲ್ಲೂ ಬೂಸ್ಟಿನ ಕತೆ ಕೇಳಿದವನು? ಉಮ್ಮಚಗಿ ದಾಟುವ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿದೆ. ಅವನು ನಂಬಲಿ, ಬಿಡಲಿ, ನಡೆದದ್ದನ್ನೇ ಹೇಳುವುದು.

ಮಂಜುನಾಥ ಶೆಡ್ಡಿನಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದ. ನಾನು ಮಾಡಿಕೊಟ್ಟ ಕನ್ನಡಕವೇ ಮೂಗಿನ ಮೇಲಿತ್ತು. ನನ್ನನ್ನು ನೋಡಿಯೂ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ತಪ್ಪಾಯ್ತೋ" ಎಂದು ಪ್ಯಾಕನ್ನು ಮುಂದಿಟ್ಟೆ.

ಕೈ ಒರೆಸಿ ಬಿಚ್ಚಿದ. ಖಾಲಿ ಗೂಡಿನ ಮೇಲೆ ಬೆರಳಿಟ್ಟ. "ಇದಕ್ಕೂ ಬೂಸ್ಟು ಬಂತಾ?"

ಇದ್ದದ್ದು ಇದ್ದ ಹಾಗೆ ಹೇಳಿದೆ: ಹರಿವಾಣ, ಅಡಕತ್ತರಿ, ಪಕ್ಕದ ಮನೆಯ ಹಿರಿಯರು. ಹೇಳುತ್ತ ಹೇಳುತ್ತ ನನಗೇ ಸುಳ್ಳೆನಿಸತೊಡಗಿತು. ಅವನು ಕಣ್ಣು ಮಿಟುಕಿಸದೆ ಕೇಳಿದ.

"ತಿಂದು ಅವ್ರು ಎಂತ ಹೇಳಿದ್ರು?"

"ಖಾರ ಇಲ್ಲ, ಮುಂದಿನ ಸಲ ಒಳ್ಳೆ ತಂಬಾಕು ತಾ ಅಂದ್ರು."

ಮಂಜುನಾಥನ ಹೆಗಲು ಕುಲುಕಿತು. ಆಮೇಲೆ ಶೆಡ್ಡಿನ ತಗಡು ಅದುರುವಂತೆ ನಕ್ಕ. "ನೀ ಸುಳ್ಳು ಹೇಳೂದಾದ್ರೆ ಇದಕ್ಕಿಂತ ಚಂದ ಹೇಳ್ತಿದ್ದೆ ಮಾರಾಯ! ಒಳಗೆ ಬಾ."

ಅವನ ಹೆಂಡತಿ ಅವಲಕ್ಕಿ, ಚಹಾ ಕೊಟ್ಟರು. ಹಿತ್ತಲಿನ ಕಲ್ಲಿನ ಮೇಲೆ ಕೂತು ಅಂದು ಒಂದನ್ನು ಮಾತ್ರ ಕತ್ತರಿಸಿದೆವು. ಅಗ್ಗದ ಮಾಲು, ಒಂದು ಬದಿ ಮಾತ್ರ ಉರಿಯುತ್ತಿತ್ತು. ನನಗೆ ಸೀದ ಬ್ರೆಡ್ಡಿನ ವಾಸನೆ, ಅವನಿಗೆ ಕರಿಮೆಣಸಿನದು. ಗಟ್ಟಿ ದನಿಯಲ್ಲಿ ಜಗಳಾಡಿದೆವು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಐದೂವರೆಯ ಬಸ್ಸಿಗೆ ಬಿಡಲು ನಿಲ್ದಾಣದ ತನಕ ಬಂದ. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಕೈ ತೂರಿಸಿ ಪ್ಯಾಕನ್ನು ನನ್ನ ತೊಡೆಯ ಮೇಲಿಟ್ಟ. ಉಳಿದ ಮೂರೂ ಅದರಲ್ಲಿದ್ದವು, ಕತ್ತರಿಸದೆ.

"ನಿನ್ನ ಹತ್ರಾನೇ ಇರ್ಲಿ. ಬರೋ ಭಾನುವಾರಕ್ಕೆ ನನ್ನ ಅರ್ಧ ಕಳ್ಸು" ಎಂದ. "ಬೂಸ್ಟು ಬಂದ್ರೆ, ಬೂಸ್ಟು ಬಂದದ್ದನ್ನೇ ಕಳ್ಸು."

ತಿರುಗಿ ನೋಡಿದೆ. ಅವನು ಆಗಲೇ ಬೆನ್ನು ಹಾಕಿ ಶೆಡ್ಡಿನ ಕಡೆ ಹೊರಟಿದ್ದ. ನಾನು ಶಿರಸಿಯ ತನಕ ಆ ಪ್ಯಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.