ಮಿನಾರು ಮುಳುಗುವ ಜಾಗ

ಮೀನುಗಾರ ಬಿರಾಮ್ ಜೋಪನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಯುರೋಪಿನವರ ಹಡಗುಗಳು ಸೆನೆಗಾಲಿನ ಕಡಲಲ್ಲಿ ಮೀನು ಹಿಡಿಯಬಹುದು, ಆದರೆ ಹನ್ನೆರಡು ಮೈಲಿಯೊಳಗೆ ಬರಕೂಡದು ಎಂದು ಸರ್ಕಾರ ಒಪ್ಪಂದ ಮಾಡಿಕೊಂಡಾಗ ಅವನು ಕೇಳಿದ್ದು ಒಂದೇ: "ಆ ಗೆರೆ ಎಲ್ಲಿ ಎಳೆದವ್ರೆ? ಒಂದ್ಸಲ ನೋಡ್ಬೇಕಲ್ಲ!"

ನೀರ ಮೇಲಿನ ಗೆರೆ ಕಾಣುತ್ತದೆಯೇ? ಕೊನೆಗೆ ತಾನೇ ಕಂಡುಕೊಂಡ. ದೋಣಿ ದೂರ ಹೋದಂತೆ ಮೊದಲು ದಡದ ಗುಡಿಸಲುಗಳು ನೀರಂಚಿನಲ್ಲಿ ಮುಳುಗುತ್ತವೆ, ಆಮೇಲೆ ಬಾವೋಬಾಬ್ ಮರ, ಕಡೆಗೆ ಮಸೀದಿಯ ಮಿನಾರು. ಮಿನಾರಿನ ತುದಿ ಮುಳುಗಿತೋ, ಹನ್ನೆರಡು ಮೈಲಿ. ಕಾವಲು ದೋಣಿಯವರೇ ಅಳೆದು ತಲೆದೂಗಿದ್ದರು. ಅಂದಿನಿಂದ ಊರಿಗೆಲ್ಲ ಅವನ ಮಾತೇ ಅಳತೆ.

ಈಚೆಗೆ ಒಂದು ನೀಲಿ ಹಡಗು ಅವನ ಬಲೆ ಹರಿದುಕೊಂಡು ಹೋಯಿತು. ಆಗ ಮಿನಾರು ಕಾಣುತ್ತಿತ್ತು. ದೂರು ಕೊಟ್ಟ. ಸಾಬೀತಾದರೆ ಹಡಗಿನ ಪರವಾನಗಿ ರದ್ದು. ಇಲ್ಲವೆಂದರೆ ಇನ್ನು ಅವನ ಮಾತಿಗೆ ಊರಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ.

ತನಿಖೆಗೆ ಬಂದ ಅಧಿಕಾರಿ ಎನ್ಜಾಯ್ ಮನೆತನದವನು. ಜೋಪ ಮನೆತನದವರೂ ಎನ್ಜಾಯರೂ ಎದುರಾದ ಮೇಲೆ, ತಲೆತಲಾಂತರದ ವಾಡಿಕೆಯಂತೆ, ತಮಾಷೆಗೆ ಹಂಗಿಸಿಕೊಳ್ಳದೆ ಬಿಡುವುದುಂಟೇ!

"ಏನೋ ಅನ್ನಬಾಕ, ಹೊಟ್ಟೆ ಬಿರಿಯ ತಿಂದ ಮಂಪರಲ್ಲಿ ಹಡಗು ಕಂಡ್ಯಾ?" ಎಂದ ಎನ್ಜಾಯ್.

"ನಮ್ಮನೆ ಆಳು ನೀನು. ಬಾಯ್ಮುಚ್ಕೊಂಡು ದೋಣಿ ಹತ್ತು," ಎಂದ ಬಿರಾಮ್.

ಬಲೆ ಹರಿದ ಜಾಗದಲ್ಲಿ ನಿಂತರು. ಮಿನಾರು ಕಡ್ಡಿಯಷ್ಟು ಕಾಣುತ್ತಿತ್ತು. ಎನ್ಜಾಯ್ ಕೈಯಲ್ಲಿದ್ದ ಜಿಪಿಎಸ್ ನೋಡಿದ. ಮುಖದ ನಗು ಹೋಯಿತು.

"ಹದಿನಾಲ್ಕು ಮೈಲಿ, ಅಣ್ಣಾ."

"ನಿನ್ನ ಯಂತ್ರ ಕೆಟ್ಟಿದೆ!"

ಹಾಗೆಂದವನು ಮಿನಾರನ್ನೇ ನೋಡಿದ. ನೋಡುತ್ತ ನೋಡುತ್ತ ಹಣೆ ಚಚ್ಚಿಕೊಂಡ. "ಅಯ್ಯೋ, ನನ್ನ ಬುದ್ಧಿಗಿಷ್ಟು!" ಹೋದ ರಂಜಾನಿಗೆ ಮೊದಲು ಮಿನಾರನ್ನು ಎರಡರಷ್ಟು ಎತ್ತರಿಸಿದ್ದರು. ಸಿಮೆಂಟು ಹೊತ್ತವರಲ್ಲಿ ಅವನೂ ಒಬ್ಬ! ಎತ್ತರದ್ದು ಇನ್ನೂ ದೂರಕ್ಕೆ ಕಾಣದೆ ಇರುತ್ತದೆಯೇ? ಕೋಪವೆಲ್ಲ ಇಳಿದು ನಾಚಿಕೆಯಾಯಿತು.

"ದೂರು ಹರಿದುಹಾಕು. ಹಡಗು ಗೆರೆ ದಾಟಿರಲಿಲ್ಲ," ಎಂದ.

ದಡಕ್ಕೆ ಬಂದವನು ನೇರ ಇಮಾಮರ ಬಳಿಗೆ ಹೋದ. "ಗುರುಗಳೇ, ಹೊಸದಾಗಿ ಏರಿಸಿದಷ್ಟಕ್ಕೂ ಹಸಿರು ಬಣ್ಣ ಹೊಡಿಸ್ಬೇಕು. ಹಳೇದು ಬಿಳೀನೇ ಇರ್ಲಿ, ಗೆರೆಗೆ ಗುರುತು."

"ಮಿನಾರು ಇರೋದು ದೇವರಿಗೋ, ಮೀನಿಗೋ?"

"ಮೀನು ಕೊಡೋನೂ ಅವನೇ ಅಲ್ವಾ?"

ಇಮಾಮರು ನಕ್ಕುಬಿಟ್ಟರು. ಬಣ್ಣ ಬಿತ್ತು.

ಬಕ್ರೀದ್ ಕಳೆದ ವಾರ ಅದೇ ನೀಲಿ ಹಡಗು ಮತ್ತೆ ಬಲೆಗಳ ಹತ್ತಿರ ಬಂತು. ಬಿರಾಮ್ ಕೂಗಾಡಲಿಲ್ಲ. ತಿರುಗಿ ದಡ ನೋಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಫೋನು ಮಾಡಿದ.

"ಏ ಆಳೇ, ಯಂತ್ರ ತಗೊಂಡು ಬೇಗ ಬಾ. ಹಸಿರಿನ ಕೆಳಗೆ ಬಿಳಿ ಕಾಣ್ತಾ ಇದೆ."